ಗೋಡೆಯಾಚೆಯ ಅರ್ಧ ಹಾಡು

ಪೆಟ್ಟಿಗೆ ಲಿಫ್ಟಿನೊಳಗೆ ಹಿಡಿಯಲಿಲ್ಲ. ಮೈದುನ ಉದ್ದಕ್ಕೆ ನೂಕಿ ನೋಡಿದ, ಮೂಲೆಯಿಂದ ಮೂಲೆಗೆ ಓರೆಯಾಗಿಟ್ಟು ನೋಡಿದ. ಲಿಫ್ಟಿನ ಬಾಗಿಲು ಮುಚ್ಚಲು ಬಂದು, ಮರಕ್ಕೆ ಬಡಿದು, ಹಿಂದೆ ಸರಿಯಿತು.

"ನೆಟ್ಟಗೆ ನಿಲ್ಲಿಸಿದ್ರೆ ಹಿಡಿಯುತ್ತೆ ಅತ್ತಿಗೆ," ಎಂದ ಅವನು ಬೆವರು ಒರೆಸಿಕೊಳ್ಳುತ್ತ.

"ಬದುಕಿದ್ದಷ್ಟು ದಿನ ನಿಂತೇ ಇದ್ರಪ್ಪ. ಇವತ್ತಾದ್ರೂ ಮಲಗಿರ್ಲಿ," ಎಂದರು ಸತ್ತವರ ಹೆಂಡತಿ. "ಮೆಟ್ಟಿಲ ಮೇಲೇ ಇಳಿಸಿ."

ಊರಿನ ಅರ್ಧಕ್ಕರ್ಧ ಲಿಫ್ಟುಗಳ ಒಳಗುಟ್ಟು ಬಲ್ಲ ಮನುಷ್ಯ ಕಡೆಗೆ ಮೆಟ್ಟಿಲ ದಾರಿ ಹಿಡಿದರು. ಅವುಗಳನ್ನು ರಿಪೇರಿ ಮಾಡುವುದೇ ಅವರ ಕೆಲಸವಾಗಿದ್ದರಿಂದ ಎಲ್ಲರೂ ಅವರನ್ನು ಲಿಫ್ಟಿನವರು ಎಂದೇ ಕರೆಯುತ್ತಿದ್ದರು. ಮೊನ್ನೆ ಬೆಳಿಗ್ಗೆ ಟೀ ಕಾಯಿಸಲು ಹೋದವರು ಒಲೆ ಹಚ್ಚುವ ಮೊದಲೇ ಕುಸಿದಿದ್ದರು. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ, ಪುಣ್ಯವಂತರು ಎಂದು ಬಂದವರೆಲ್ಲ ಹೇಳಿದರು. ಹೋದವರದೇನೋ ಪುಣ್ಯ, ಉಳಿದವರದು ಏನೆಂದು ಒಬ್ಬರೂ ಬಾಯಿಬಿಡಲಿಲ್ಲ.

"ಎಲ್ಲರನ್ನೂ ಮೇಲೆ ಕೆಳಗೆ ಓಡಾಡಿಸಿದೋರು, ತಾವು ಮಾತ್ರ ಹೇಳದೆ ಕೇಳದೆ ಮೇಲೆ ಹೋಗ್ಬಿಟ್ರು," ಎಂದರು ಎದುರುಮನೆಯವರು. ನಗುವ ಹಾಗಿರಲಿಲ್ಲ, ಆದರೂ ಹೊತ್ತಿದ್ದವರಲ್ಲಿ ಇಬ್ಬರು ನಕ್ಕರು. ಪೆಟ್ಟಿಗೆ ಸ್ವಲ್ಪ ಅಲುಗಾಡಿತು.

ಕೆಳಗಿನ ತಿರುವಿನಲ್ಲಿ ವಯಸ್ಸಾದವರೊಬ್ಬರು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ಎದೆಗೆ ಒಂದು ಪುಟ್ಟ ಕರಿ ಪೆಟ್ಟಿಗೆ ಅವಚಿಕೊಂಡಿದ್ದರು. ಇಳಿಯುತ್ತಿರುವುದು ಏನೆಂದು ಕಂಡದ್ದೇ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.

"ಅಪ್ಪನ ಮಾಸ್ಟರು," ಎಂದಳು ಮಗಳು. "ನಾನೇ ಬರೋಕೆ ಹೇಳ್ದೆ ಅಮ್ಮ."

"ಅದೇನ್ರೀ ಕೈಲಿ?" ಮೈದುನ ಹೊತ್ತಲ್ಲಿಂದಲೇ ಕೇಳಿದ.

"ಕ್ಲಾರಿನೆಟ್ಟು."

"ಹೆಣದ ಮುಂದೆ ಊದೋದಾ? ಇದೇನು ಮದುವೆನಾ?"

"ಹೊರೋನು ನೀನು, ಊದೋರು ಅವ್ರು," ಎಂದರು ಹೆಂಡತಿ. "ಅವರವರ ಕೆಲಸ ಅವರವರು ಮಾಡ್ಲಿ. ಹೆಜ್ಜೆ ನೋಡ್ಕೊಂಡು ಇಳಿ." ಹಾಗೆ ಯಾಕೆ ಹೇಳಿದೆನೆಂದು ಆಕೆಗೇ ಗೊತ್ತಾಗಲಿಲ್ಲ. ಮೊನ್ನೆಯವರೆಗೂ ಆ ಮಾಸ್ಟರ ಹೆಸರೆತ್ತಿದರೆ ಸಿಡುಕುತ್ತಿದ್ದವರು ಆಕೆಯೇ.

*

ಲಿಫ್ಟಿನವರಿಗೂ ಮಾಸ್ಟರಿಗೂ ಗುರುತಾದದ್ದೂ ಲಿಫ್ಟಿನಲ್ಲೇ. ದೊಡ್ಡ ಹೋಟೆಲೊಂದರಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದೆಯೆಂದು ಕರೆ ಬಂದಿತ್ತು. ಒಳಗಿದ್ದವರು ಆ ಹೋಟೆಲಿನಲ್ಲಿ ಜಾಝ್ ನುಡಿಸುತ್ತಿದ್ದ ತಂಡದ ಕ್ಲಾರಿನೆಟ್ ವಾದಕರು. ಭಯ ಕಳೆಯಲೆಂದು ವಾದ್ಯ ಜೋಡಿಸಿಕೊಂಡು ಊದುತ್ತ ಕೂತಿದ್ದರು. ಲಿಫ್ಟಿನವರು ಮೇಲಿನ ಮಹಡಿಯ ಬಾಗಿಲು ಸರಿಸಿ ಬಗ್ಗಿದರು. ಬಾವಿಯಂಥ ಆ ಕತ್ತಲಿನಿಂದ ಹಾಡು ಏರಿ ಬರುತ್ತಿತ್ತು.

"ಯಾರ್ರೀ ಅದು ಮೇಲೆ? ಬೇಗ ತೆಗೀರಿ!"

"ಮೊದ್ಲು ಅದನ್ನ ಮುಗಿಸಿ. ಆಮೇಲೆ ತೆಗೀತೀನಿ."

ಹೀಗೆ, ಮಗಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ನಲವತ್ತು ದಾಟಿದ ಮನುಷ್ಯ ಗಿಟಾರ್ ಹಿಡಿದರು. ಭಾನುವಾರ ಮಧ್ಯಾಹ್ನ ಚಪ್ಪಲಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಗಿಟಾರೂ ಬಲ್ಲ ಮಾಸ್ಟರ ಪಾಠ. ಸ್ಪ್ಯಾನರ್ ಹಿಡಿದು ದಪ್ಪಗಾದ ಬೆರಳು ಒಂದು ತಂತಿ ಒತ್ತಲು ಹೋಗಿ ಎರಡನ್ನು ಒತ್ತುತ್ತಿತ್ತು. ಮಾಸ್ಟರು ಬಹಳ ದಿನ ನೋಡಿದರು. "ಹಾಡು ನಾನು ಹೇಳ್ತೀನಿ. ನೀವು ಅದನ್ನ ಹೊತ್ಕೊಳ್ಳಿ," ಎಂದರು. ಎಂದರೆ ಧಾಟಿಯನ್ನು ಕ್ಲಾರಿನೆಟ್ ನುಡಿಸುತ್ತದೆ, ಗಿಟಾರ್ ಅದರ ಕೆಳಗೆ ಸ್ವರಗಳನ್ನು ಗೊಂಚಲು ಗೊಂಚಲಾಗಿ ಮೀಟುತ್ತ ನಡೆಯುತ್ತದೆ. ಹಳೆಯ ಜಾಝ್ ಹಾಡುಗಳನ್ನೂ, ಯಾರು ಕಟ್ಟಿದ್ದೆಂದು ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಬಂದ ಧಾಟಿಗಳನ್ನೂ ಅವರು ಹೀಗೇ ಕಲಿತರು. ಹಾಡು ಒಂದು ಸುತ್ತು ಮುಗಿದ ಮೇಲೆ ಕ್ಲಾರಿನೆಟ್ ಸುಮ್ಮನಾಗುತ್ತದೆ. ಆ ಒಂದು ಪಾಳಿ ಗಿಟಾರಿನದೇ. ಇದು ಜಾಝಿನವರ ರೂಢಿ.

ಮನೆಯಲ್ಲಿ ಅವರು ಒಳಕೋಣೆಯಲ್ಲಿ ಕೂತು ತಮ್ಮ ಪಾಲಿನದನ್ನು ರೂಢಿಸಿಕೊಳ್ಳುತ್ತಿದ್ದರು. ಗೋಡೆಯ ಈಚೆ ಹೆಂಡತಿ ಯಾರದೋ ಮನೆಯ ಪರದೆ ಹೊಲಿಯುತ್ತ ಕೂತಿರುತ್ತಿದ್ದರು.

"ಅದೇನ್ರೀ ಅದು, ಜುಂ ಜುಂ, ಜುಂ ಜುಂ! ಹಾಡು ಶುರುವಾಗೋದು ಯಾವಾಗ?"

"ಹಾಡು ಮಾಸ್ಟರ ಹತ್ರ ಇದೆ ಕಣೇ. ನಂದು ಅದರ ಕೆಳಗಿಂದು. ಒಂದು ಸುತ್ತು ಆದ್ಮೇಲೆ ಅವ್ರು ಸುಮ್ಮನಾಗ್ತಾರೆ, ಆಗ ನನ್ನ ಪಾಳಿ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

ಅವರು ನಗುತ್ತಿದ್ದರು. "ಭಾನುವಾರ ಬಾ ಒಂದ್ಸಲ. ಇಬ್ರೂ ಕೂಡಿ ನುಡಿಸೋದು ಕೇಳು."

"ದಿನಾ ಮನೇಲಿ ಕೇಳ್ತಿಲ್ವಾ? ಅಲ್ಲಿಗೆ ಬೇರೆ ಬಂದು ಕೇಳ್ಬೇಕಾ?"

ಬೇಡ ಎಂದು ಆಕೆ ಕಡ್ಡಿ ಮುರಿದ ಹಾಗೆ ಹೇಳಿದವರಲ್ಲ. ಒಮ್ಮೆ ಹೊಲಿಗೆಯ ಗಡಿಬಿಡಿ, ಒಮ್ಮೆ ಸೊಂಟನೋವು, ಒಮ್ಮೆ ಮಗಳ ಪರೀಕ್ಷೆ. ಭಾನುವಾರವೇನು, ಮುಂದಿನ ವಾರವೂ ಬರುತ್ತದಲ್ಲ ಎಂದುಕೊಂಡರು.

*

ಮುಂದೆ ವ್ಯಾನು, ಅದರ ಹಿಂದೆ ಇವರ ಕಾರು. ಮೈದುನ ಡ್ರೈವರ ಪಕ್ಕ ಕೂತು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದ. ಹಿಂದೆ ತಾಯಿ, ಮಗಳು, ಮಾಸ್ಟರು.

"ಒಂದು ಮಾತು ಕೇಳ್ತೀನಿ," ಎಂದರು ಆಕೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ. "ಸತ್ತೋರು ಅಂತ ಬೆಣ್ಣೆ ಹಚ್ಚಿ ಹೇಳ್ಬೇಡಿ. ನಮ್ಮನೇವ್ರಿಗೆ ನಿಜವಾಗ್ಲೂ ಬರ್ತಿತ್ತಾ?"

"ನೀವು ಕೇಳಿಲ್ವಾ ತಾಯಿ?"

"ಗೋಡೆ ಈಚೆಯಿಂದ ಕೇಳಿದ್ದೀನಿ."

ಮಾಸ್ಟರು ಪುಟ್ಟ ಪೆಟ್ಟಿಗೆಯನ್ನು ಮಡಿಲಲ್ಲಿ ಸರಿಮಾಡಿಕೊಂಡರು. "ಈಚೆಗೆ ನಂಗೆ ಮರೆವು ಜಾಸ್ತಿ. ಜನರ ಮುಂದೆ ನುಡಿಸ್ತಾ ನುಡಿಸ್ತಾ ಹಾಡೇ ಮರೆತುಹೋಗೋದು. ಅವ್ರು ಕೈ ನಿಲ್ಲಿಸ್ತಿರಲಿಲ್ಲ. ನಾನು ಎಲ್ಲಿ ದಾರಿ ತಪ್ಪಿದ್ನೋ ಅಲ್ಲಿಗೇ ಬಂದು ಕರ್ಕೊಂಡು ಹೋಗೋರು. ಕೇಳೋಕೆ ಬಂದವ್ರಿಗೆ ಒಬ್ರಿಗೂ ಗೊತ್ತಾಗ್ತಿರಲಿಲ್ಲ. ಬರ್ತಿತ್ತಾ ಅಂತ ಕೇಳಿದ್ರೆ ಏನ್ ಹೇಳ್ಲಿ? ಇನ್ನು ನಾನು ಯಾರ ಜೊತೆ ನುಡಿಸ್ಲಿ, ಅದನ್ನ ಹೇಳಿ."

"ಇದನ್ನೆಲ್ಲ ನಂಗೆ ಹೇಳ್ಲೇ ಇಲ್ವಲ್ಲ ಅವ್ರು."

"ಅಪ್ಪ ಹೇಳ್ತಾನೇ ಇದ್ರು ಅಮ್ಮ," ಎಂದಳು ಮಗಳು.

ಕಾರು ಸಿಗ್ನಲ್ಲಿನಲ್ಲಿ ನಿಂತಿತು. ವ್ಯಾನು ದಾಟಿ ಹೋಯಿತು. ಆಕೆ ಸೀಟಿನಲ್ಲಿ ಮುಂದೆ ಬಗ್ಗಿ, ಅದು ಕಣ್ಮರೆಯಾಗುವವರೆಗೂ ನೋಡಿದರು.

"ರೆಕಾರ್ಡು ಗಿಕಾರ್ಡು ಏನಾದ್ರೂ ಇದೆಯಾ? ಫೋನಲ್ಲಾದ್ರೂ? ಇಬ್ರೂ ಕೂಡಿ ನುಡಿಸಿದ್ದು?"

"ನಾನು ಎಷ್ಟು ಸಲ ಹೇಳಿದ್ದೀನೋ ಅವ್ರಿಗೆ," ಎಂದರು ಮಾಸ್ಟರು. "'ನಮ್ಮವಳು ಬಂದ ದಿನ ಮಾಡೋಣ' ಅನ್ನೋರು."

ಮುಂದೆ ಕೂತಿದ್ದ ಮೈದುನ ಫೋನನ್ನು ಜೇಬಿಗೆ ಹಾಕಿಕೊಂಡ.

*

ಮಗಳು ಓದು ಮುಗಿಸಿದ ಸಂತೋಷಕ್ಕೆ ನೆಂಟರನ್ನು ಊಟಕ್ಕೆ ಕರೆದಿದ್ದ ದಿನ. ಊಟವಾಯಿತು, ಹರಟೆಯಾಯಿತು. ಗಿಟಾರ್ ಕಣ್ಣಿಗೆ ಬಿದ್ದು ಯಾರೋ ನುಡಿಸಿ ನುಡಿಸಿ ಎಂದರು. ಲಿಫ್ಟಿನವರು ಮಾಸ್ಟರಿಲ್ಲದೆ ಆಗಲ್ಲ ಎಂದರು. ಬಿಂಕ ಬೇಡಿ ಎಂದು ಎಲ್ಲರೂ ಗಂಟುಬಿದ್ದರು. ಕಡೆಗೆ ಕುರ್ಚಿಯ ಅಂಚಿನಲ್ಲಿ ಕೂತು, ಕಣ್ಣು ಮುಚ್ಚಿ, ತಮ್ಮ ಪಾಲಿನದನ್ನು ನುಡಿಸತೊಡಗಿದರು. ಅದರ ಮೇಲಿನ ಹಾಡು ತಮಗೊಬ್ಬರಿಗೇ ಕೇಳಿಸುತ್ತಿದ್ದವರ ಹಾಗೆ ತಲೆಯಾಡಿಸುತ್ತಿದ್ದರು. ಕೂತವರಿಗೆ ಕೇಳಿಸಿದ್ದು ಜುಂ ಜುಂ ಮಾತ್ರ. ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

"ಶ್ರುತಿ ಮಾಡ್ಕೊಂಡಿದ್ದು ಸಾಕಣ್ಣ," ಎಂದ ಮೈದುನ. "ಇನ್ನು ಹಾಡು ನುಡಿಸು!"

ಮನೆ ತುಂಬ ನಗು. ಅವರು ಕಣ್ಣು ತೆರೆದು ಮೊದಲು ನೋಡಿದ್ದು ಹೆಂಡತಿಯ ಕಡೆ. ಅದು ಶ್ರುತಿಯಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಆಕೆಗೊಬ್ಬರಿಗೆ. ವರ್ಷಗಟ್ಟಲೆ ಕೇಳಿ ಕೇಳಿ ಅದರ ಏರಿಳಿತವೆಲ್ಲ ಬಾಯಿಪಾಠವಾಗಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು.

"ಇದೇ ಹಾಡು ಕಣಪ್ಪ," ಎಂದರು ಆಕೆ. "ನಮ್ಮನೇವ್ರ ಹಾಡು ಶುರುವೂ ಆಗಲ್ಲ, ಮುಗಿಯೋದೂ ಇಲ್ಲ."

ಮೊದಲಿಗಿಂತ ದೊಡ್ಡ ನಗು. ಲಿಫ್ಟಿನವರೂ ನಕ್ಕರು. ನಗುತ್ತಲೇ ಎದ್ದು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ಆಮೇಲೆ ಅವರು ನೆಂಟರ ಮುಂದೆ ಅದನ್ನು ಮುಟ್ಟಲಿಲ್ಲ, ಭಾನುವಾರ ಬಾ ಎನ್ನಲೂ ಇಲ್ಲ. ಒಳಕೋಣೆಯ ಬಾಗಿಲು ಹಾಕಿಕೊಂಡು ಮೆಲ್ಲಗೆ ನುಡಿಸುತ್ತಿದ್ದರು. ಸದ್ಯ, ಗಲಾಟೆ ಕಡಿಮೆಯಾಯಿತು ಎಂದು ಆಕೆ ನೆಮ್ಮದಿಪಟ್ಟಿದ್ದರು.

*

ಚಿತಾಗಾರದ ಕೋಣೆ ಸಣ್ಣದು. ಸಾಲು ಬೆಂಚು, ಮುಂದುಗಡೆ ಚಕ್ರದ ಗಾಡಿಯ ಮೇಲೆ ಪೆಟ್ಟಿಗೆ, ಅದರ ಹಿಂದೆ ಕಬ್ಬಿಣದ ಬಾಗಿಲು. ಅಲ್ಲಿನ ನೌಕರ ಮೈದುನನ ಕಿವಿಯಲ್ಲಿ, "ಬೇಗ ಸಾರ್, ಮುಂದಿನವರು ಹೊರಗೆ ಕಾಯ್ತಿದ್ದಾರೆ," ಎಂದ. ಮೈದುನ ಎದ್ದು ಅಣ್ಣನ ಬಗ್ಗೆ ನಾಲ್ಕು ಮಾತು ಹೇಳಲು ಹೋದ. "ಅಣ್ಣ ಯಾವತ್ತೂ ನನ್ನ ಮೇಲೆ ಕೋಪ ಮಾಡ್ಕೊಳ್ಲಿಲ್ಲ," ಎಂದಷ್ಟೇ ಹೇಳಿ, ಕರವಸ್ತ್ರದಲ್ಲಿ ಮುಖ ಮುಚ್ಚಿ ಕೂತುಬಿಟ್ಟ.

ಮಾಸ್ಟರು ಕ್ಲಾರಿನೆಟ್ಟಿನ ತುಂಡುಗಳನ್ನು ಜೋಡಿಸಿಕೊಂಡು ಮುಂದಕ್ಕೆ ಬಂದರು.

"ಯಾವುದು ನುಡಿಸ್ತೀರಾ?" ಮಗಳು ಕೇಳಿದಳು.

"ಬಾಕಿ ಹಾಡೆಲ್ಲ ನಾನು ಅವ್ರಿಗೆ ಕಲಿಸಿದ್ದು. ಇದೊಂದನ್ನ ಅವ್ರೇ ನಂಗೆ ಕಲಿಸಿದ್ದು." ಒಂದು ಕುರ್ಚಿ ಎಳೆದುಕೊಂಡು ಕೂತರು. "ಇಬ್ರೂ ನುಡಿಸ್ತಿದ್ದ ಹಾಗೇ ನುಡಿಸ್ತೀನಮ್ಮ. ಅವರ ಜಾಗ ನಾನು ತುಂಬಲ್ಲ."

ಮೊದಲ ಸಾಲು ಮುಗಿಯುವ ಮೊದಲೇ ಮಗಳು ತಾಯಿಯ ತೋಳು ಹಿಡಿದಳು. "ಅಮ್ಮಾ, ಇದು ನಿಂದು."

ಹೌದು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಆಕೆ ಹಾಡುತ್ತಿದ್ದ ಜೋಗುಳ. ಆಕೆಗೆ ಆಕೆಯ ಅಮ್ಮನಿಂದ ಬಂದದ್ದು. ಮಗಳು ದೊಡ್ಡವಳಾದ ಮೇಲೆ ಅದು ತನಗೇ ಮರೆತುಹೋಗಿತ್ತು. ಲಿಫ್ಟಿನವರು ಅದನ್ನು ಯಾವಾಗ ಕೇಳಿಸಿಕೊಂಡರೋ, ಮಾಸ್ಟರ ಮುಂದೆ ಯಾವ ಒಡಕು ಗಂಟಲಲ್ಲಿ ಹಾಡಿ ತೋರಿಸಿದರೋ. ಗೋಡೆಯಾಚೆಯಿಂದ ಬರುತ್ತಿದ್ದ ಆ ಜುಂ ಜುಂ ಈಗ ಒಂದೊಂದಾಗಿ ನೆನಪಾಗಿ, ಸಾಲು ಸಾಲಿಗೂ ಸರಿಯಾಗಿ ಕೆಳಗೆ ಬಂದು ಕೂಡುತ್ತಿತ್ತು. ಕಿವಿ ಕೊರೆಯೋದು ಸಾಕು ಮಾಡಿ ಎಂದು ಗೋಡೆಯ ಈಚೆಯಿಂದ ಎಷ್ಟೋ ಸಲ ತಾನು ಕೂಗಿ ಹೇಳಿದ್ದು ತನ್ನ ಹಾಡಿಗೇ. ಆಕೆಗೆ ಅಳು ಬರಲಿಲ್ಲ, ನಾಚಿಕೆಯಾಯಿತು.

ಒಂದು ಸುತ್ತು ಮುಗಿಯಿತು. ಮಾಸ್ಟರು ಕ್ಲಾರಿನೆಟ್ಟನ್ನು ತೊಡೆಗಿಳಿಸಿ ತಲೆ ಬಗ್ಗಿಸಿದರು.

ಕೋಣೆಯಲ್ಲಿ ಬೆಂಚುಗಳು ಕಿರುಗುಟ್ಟಿದವು. ಯಾರೋ ಮೂಗು ಒರೆಸಿಕೊಂಡರು. ಮೈದುನ ಎದ್ದು ನೌಕರನಿಗೆ ಸನ್ನೆ ಮಾಡಿದ, ಅವನು ಗಾಡಿಗೆ ಕೈ ಹಾಕಿದ.

"ತಡೀರಿ!" ಹೆಂಡತಿ ಎದ್ದು ನಿಂತಿದ್ದರು. ಅಂಗೈ ಎತ್ತಿ ಅಡ್ಡ ಹಿಡಿದಿದ್ದರು.

"ಮುಗೀತಲ್ಲ ಅತ್ತಿಗೆ..."

"ಮುಗಿದಿಲ್ಲ ಕಣೋ. ಈಗ ಅವರ ಪಾಳಿ."

ನೌಕರ ಗಾಡಿಯಿಂದ ಕೈ ತೆಗೆದ. ಎಲ್ಲರೂ ನಿಂತಲ್ಲೇ ನಿಂತರು. ಫ್ಯಾನು ತಿರುಗುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಕೆ ಪೆಟ್ಟಿಗೆಯನ್ನು ನೋಡುತ್ತ ನಿಂತಿದ್ದರು. ಎತ್ತಿದ ಕೈಯ ಬೆರಳುಗಳು ಬಾಯಿಪಾಠವಾಗಿದ್ದ ಆ ಜುಂ ಜುಂಗೆ ತಕ್ಕಂತೆ ತಮ್ಮಷ್ಟಕ್ಕೆ ಅಲ್ಲಾಡುತ್ತಿದ್ದವು. ಅವು ನಿಧಾನವಾಗಿ ಸಾಗಿ, ಗಂಡ ನುಡಿಸುವಾಗ ಸದಾ ಎಡವುತ್ತಿದ್ದ ಜಾಗದಲ್ಲಿ ಒಮ್ಮೆ ತಡವರಿಸಿ, ಮತ್ತೆ ಹಿಂದಿನಿಂದ ಹಿಡಿದು, ಈ ಸಲ ದಾಟಿಕೊಂಡು, ನಿಂತವು. ಆಕೆ ಮಾಸ್ಟರ ಕಡೆ ತಿರುಗಿ ತಲೆಯಾಡಿಸಿದರು. ಮಾಸ್ಟರು ಆಗಲೇ ಕ್ಲಾರಿನೆಟ್ಟನ್ನು ತುಟಿಗೆ ಎತ್ತಿಕೊಂಡಿದ್ದರು.