ದೊಡ್ಡಿ ಜಾಗದ ಮೊದಲ ಮಳಿಗೆ

ನಮ್ಮ ಮೂರನೇ ವಾರ್ಡಿನ ಓಟು ಯಾರಿಗೆ ಎಂಬುದು ಹನುಮಪ್ಪನ ಗುಡಿಕಟ್ಟೆಯ ಮೇಲೆ ತೀರ್ಮಾನವಾಗುತ್ತದೆ ಎಂದು ಗಂಡಸರು ನಂಬಿಕೊಂಡಿದ್ದರು. ನಂಬಿಕೊಳ್ಳಲಿ ಬಿಡು ಎಂದು ನಾವೂ ಸುಮ್ಮನಿದ್ದೆವು. ಆದರೆ ಎಂಬತ್ಮೂರರಲ್ಲಿ ನಿಜಕ್ಕೂ ಅದು ತೀರ್ಮಾನವಾದದ್ದು ಕೆರೆ ಏರಿಯ ಹಿಂದೆ, ಬೆಳಕು ಹರಿಯುವ ಮೊದಲು, ನಾವು ಹೆಂಗಸರು ಚೊಂಬು ಇಟ್ಟುಕೊಂಡು ಕೂರುತ್ತಿದ್ದ ಜಾಗದಲ್ಲಿ. ನಗಬೇಡಿ. ಹೆಂಗಸರಿಗೆ ಅತ್ತೆಯ ಕಿವಿ, ಗಂಡನ ಕಿವಿ ತಪ್ಪಿಸಿ ಮಾತಾಡಲು ಊರಲ್ಲಿ ಇದ್ದದ್ದು ಅದೊಂದೇ ಜಾಗ.

ಚನ್ನಗಿರಿ ಪೇಟೆಯ ನಟ್ಟನಡುವಿನ ವಾರ್ಡು ನಮ್ಮದು. ಉದ್ದಗಲ ನೋಡಿದರೆ ಅಂಗೈಯಷ್ಟು, ಜನ ಮಾತ್ರ ಕಿಕ್ಕಿರಿದು ತುಂಬಿದ್ದರು. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಆಚೆ ಮೂರನೇ ಮನೆಯಲ್ಲಿ ಸೀನು. ಯಾವ ಮನೆಗೂ ಹಿತ್ತಲಿಲ್ಲ, ಹಿತ್ತಲಿಲ್ಲದ ಮೇಲೆ ಕಕ್ಕಸು ಎಲ್ಲಿಂದ ಬರಬೇಕು? ನಮ್ಮ ಗಂಡಸರಲ್ಲಿ ಅರ್ಧಕ್ಕರ್ಧ ಅಡಿಕೆ ಮಂಡಿ ನಾಗರಾಜಪ್ಪನವರ ಹತ್ತಿರ ಹಮಾಲರು. ನನ್ನ ಗಂಡ ಬಸವರಾಜಪ್ಪ ಅದೇ ಮಂಡಿಯಲ್ಲಿ ಗುಮಾಸ್ತ. ಹೀಗಾಗಿ ಎಪ್ಪತ್ತರ ದಶಕವಿಡೀ ವಾರ್ಡಿಗೆ ನಾಗರಾಜಪ್ಪನವರೇ ಮೆಂಬರು. ಅವರು ಓಟು ಕೇಳಲು ನಮ್ಮ ಓಣಿಯೊಳಗೆ ಬಂದದ್ದನ್ನು ನಾನು ಕಂಡಿಲ್ಲ. ಕೆಲಸ ಕೊಟ್ಟವರಿಗೆ ಓಟು ಕೊಡಲೇಬೇಕು ಎಂದು ಗಂಡಸರೇ ಮನೆಯಲ್ಲಿ ಹೇಳುತ್ತಿದ್ದರು, ನಾವು ಹೋಗಿ ಮುದ್ರೆ ಒತ್ತಿ ಬರುತ್ತಿದ್ದೆವು.

ನನ್ನದು ಓಣಿಯ ಬಾಯಿಗೆ ಒಂದು ಮಂಡಕ್ಕಿ ಮೆಣಸಿನಕಾಯಿ ಅಂಗಡಿ. ಅಂಗಡಿ ಎಂದರೆ ನಾಲ್ಕು ಗಳ, ಮೇಲೊಂದು ತಗಡು. ಎದುರಿಗೆ ಬೆನಕಪ್ಪನ ಸೈಕಲ್ ಶಾಪು. ಅವನು ದಿನಾ ಸಂಜೆ ಕೈಗೆ ಹತ್ತಿದ ಗ್ರೀಸನ್ನು ಚಿಂದಿಗೆ ಒರೆಸಿಕೊಂಡು ಬಂದು, "ಅಕ್ಕಾ, ಬಿಸಿ ಐತೇನು?" ಎನ್ನುತ್ತಿದ್ದ. ಒಡಹುಟ್ಟಿದವರಿಲ್ಲದ ನನಗೆ ಆ ಅಕ್ಕ ಎನ್ನುವ ಮಾತು ಬಹಳ ಹಿತವಾಗಿತ್ತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಬೆಳಗಿನ ಜಾವ ನಮ್ಮನ್ನೆಲ್ಲ ಎಬ್ಬಿಸುವ ಕೆಲಸ ಭೀಮಕ್ಕನದು. ಓಣಿಗೇ ಹಿರಿಯಳು. ಒಂದೊಂದೇ ಬಾಗಿಲಿಗೆ ಬಂದು, "ಗಾದ್ರೀ, ಏಳೇ... ಕಲ್ಲಮ್ಮಾ, ಏಳೇ" ಎಂದು ಮೆಲ್ಲಗೆ ಕೂಗುತ್ತಿದ್ದಳು. ಕಲ್ಲಮ್ಮ ಎಂದರೆ ನಾನು, ಗಾದ್ರಿ ಎಂದರೆ ಪಕ್ಕದ ಮನೆಯ ಗಾದ್ರಮ್ಮ. ಗುಂಪಾಗಿ ಹೋಗಿ ಗುಂಪಾಗಿ ಬರುತ್ತಿದ್ದೆವು, ಒಬ್ಬಳನ್ನೇ ಬಿಟ್ಟು ಬರುವ ಪದ್ಧತಿಯಿರಲಿಲ್ಲ. ಎಂಬತ್ತರ ಹೊತ್ತಿಗೆ ಕೆರೆ ಪಕ್ಕದ ಬಯಲಿಗೆ ಬೇಲಿಗಳು ಬಂದವು, ಏರಿಯ ಮೇಲೆ ಡಾಂಬರು ಬಂತು, ದಾವಣಗೆರೆಯಿಂದ ಶಿವಮೊಗ್ಗಕ್ಕೆ ಹೋಗುವ ಲಾರಿಗಳು ಬಂದವು. ತಿರುವಿನಲ್ಲಿ ಲಾರಿಯ ಲೈಟು ನೇರ ನಮ್ಮ ಮೇಲೆ ಬೀಳುತ್ತಿತ್ತು. ಬಿದ್ದ ಕೂಡಲೇ ಎಲ್ಲರೂ ದಡಬಡ ಎದ್ದು ನಿಲ್ಲಬೇಕು, ಅದು ಹೋದ ಮೇಲೆ ಮತ್ತೆ ಕೂರಬೇಕು. ಭೀಮಕ್ಕನಿಗೆ ಮೊಣಕಾಲು ಹಿಡಿದಿತ್ತು, ತಾನಾಗಿ ಏಳಲು ಆಗುತ್ತಿರಲಿಲ್ಲ. ನಾನು ಪಕ್ಕದಲ್ಲೇ ಕೂತು, ಲೈಟು ಕಂಡೊಡನೆ ಅವಳ ಕೈ ಹಿಡಿದು ಎಬ್ಬಿಸುತ್ತಿದ್ದೆ.

"ಸತ್ತ ಮ್ಯಾಲಾದ್ರೂ ಮರ್ಯಾದೆಯಿಂದ ಮಲಗ್ತೀನಿ ಬಿಡೇ, ಬದುಕಿದ್ದಾಗ ಕೂರಾಕೂ ಬಿಡ್ಲಿಲ್ಲ" ಎಂದಳು ಒಂದು ದಿನ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಎಂಬತ್ಮೂರರ ಪುರಸಭೆ ಚುನಾವಣೆಗೆ ಬೆನಕಪ್ಪ ನಿಂತ. ಒಂದು ಸಂಜೆ ಅಂಗಡಿಗೆ ಬಂದವನು ದನಿ ತಗ್ಗಿಸಿ, "ಅಕ್ಕಾ, ಗಂಡಸ್ರೆಲ್ಲ ಮಂಡಿ ಕಡೆಗೇ ಅದಾರೆ. ಹೆಣ್ಮಕ್ಕಳ ಮಾತು ನಿನ್ನ ಕೈಯಾಗೈತೆ" ಎಂದ.

"ನಮಗೇನು ಮಾಡ್ತಿ, ಅದನ್ನ ಹೇಳು."

"ನೀನು ಹೇಳಿದ್ದು."

ಓಣಿಯ ಮೂಲೆಯಲ್ಲಿ ಹಳೇ ದನದ ದೊಡ್ಡಿ ಇತ್ತು. ಹಿಂದೆ ಊರ ಬೀಡಾಡಿ ದನಗಳನ್ನು ಕೂಡಿಹಾಕುತ್ತಿದ್ದ ಜಾಗ. ಈಗ ಗೋಡೆ ಬಿದ್ದು ಜಾಲಿ ಬೆಳೆದಿತ್ತು. "ಆ ಜಾಗದಾಗೆ ಹೆಂಗಸ್ರಿಗೆ ಕಕ್ಕಸು ಕಟ್ಟಿಸಬೇಕು. ಬಾಗಿಲು ಇರಬೇಕು, ಬಾಗಿಲಿಗೆ ಚಿಲಕ ಇರಬೇಕು. ಭೀಮಕ್ಕ ಇನ್ಮ್ಯಾಲೆ ಲಾರಿಗೆ ಎದ್ದು ನಿಲ್ಲಬಾರ್ದು" ಎಂದೆ. ಅವನು ತಟ್ಟೆಯಿಂದ ಒಂದು ಹಿಡಿ ಮಂಡಕ್ಕಿ ಎತ್ತಿಕೊಂಡು, "ಈ ಅನ್ನದಾಣೆ ಅಕ್ಕ" ಎಂದು ಬಾಯಿಗೆ ಹಾಕಿಕೊಂಡ. ಅನ್ನ ಮುಟ್ಟಿ ಆಣೆ ಇಟ್ಟವನನ್ನು ನಂಬದಿದ್ದರೆ ಇನ್ನು ಯಾರನ್ನು ನಂಬಬೇಕಿತ್ತು ನಾನು?

ನಮ್ಮ ಹೆಂಗಸರಲ್ಲಿ ಒಂದು ಕಟ್ಟುಪಾಡಿತ್ತು. ಏನಾದರೂ ಒಮ್ಮತಕ್ಕೆ ಬಂದರೆ, ಕೆರೆಯಲ್ಲಿ ಕೈಕಾಲು ತೊಳೆದು ಮೇಲೆ ಬರುವಾಗ ಒಬ್ಬೊಬ್ಬಳೂ ಬೊಗಸೆ ನೀರು ತಂದು ತೂಬಿನ ಕಲ್ಲಿನ ಮೇಲೆ ಬಿಡಬೇಕು. ನೀರು ಬಿಟ್ಟ ಮೇಲೆ ಮಾತು ತಿರುಗಿಸುವಂತಿಲ್ಲ. ಗಂಡಂದಿರನ್ನು ಮೀರಿ ಓಟು ಹಾಕುವುದೆಂದರೆ ಎಲ್ಲ ಹೆಂಗಸರಿಗೂ ಹೆದರಿಕೆ. ಗಾದ್ರಮ್ಮನ ಗಂಡನಂತೂ ಹೊಡೆಯುವ ಆಸಾಮಿ. ದಿನಾ ಬೆಳಗ್ಗೆ ಒಬ್ಬೊಬ್ಬಳ ಪಕ್ಕ ಕೂತು ಹೇಳಿದೆ. ಕೊನೆಗೆ ಭೀಮಕ್ಕ, "ಕಲ್ಲಮ್ಮ ಹೇಳ್ತಾಳಂದ್ರೆ ನಂದೇನೈತೆ" ಎಂದು ಮೊದಲು ನೀರು ಬಿಟ್ಟಳು. ಹಿಂದೆಯೇ ಎಲ್ಲರೂ ಬಿಟ್ಟರು. ಅವರು ನೀರು ಬಿಟ್ಟದ್ದು ಬೆನಕಪ್ಪನ ಮುಖ ನೋಡಿ ಅಲ್ಲ, ನನ್ನ ಮುಖ ನೋಡಿ.

ಬೆನಕಪ್ಪ ಗೆದ್ದ. ಕಟ್ಟೆಯ ಮೇಲಿನ ಗಂಡಸರು ಯಾರು ಕೈ ಕೊಟ್ಟರೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾದ್ರಮ್ಮನ ಗಂಡ ಹೆಂಡತಿಯ ಮೇಲೆ ಅನುಮಾನ ಬಂದು ಸೌದೆಯಲ್ಲಿ ಬಾರಿಸಿದ. ಅವಳು ಬೆನ್ನು ನೀವಿಕೊಳ್ಳುತ್ತಾ, "ಆಗ್ಲಿ ಬಿಡು, ಕಕ್ಕಸು ಬರುತ್ತಲ್ಲ" ಎಂದಳು.

ವರ್ಷ ಕಳೆದ ಮೇಲೆ ದೊಡ್ಡಿಯ ಜಾಲಿ ಕಡಿದರು. ಇಟ್ಟಿಗೆ ಬಂತು, ಸಿಮೆಂಟು ಬಂತು. ನಾನು ಅಂಗಡಿಗೆ ಬಂದವರಿಗೆಲ್ಲ ಬೊಟ್ಟು ಮಾಡಿ ತೋರಿಸುತ್ತಿದ್ದೆ. ಗೋಡೆ ಎದೆಮಟ್ಟ ಬಂದಾಗ ಗಾದ್ರಮ್ಮ, "ಬಾಗಿಲೆಲ್ಲ ರಸ್ತೆ ಕಡೆಗೇ ಬಿಟ್ಟಾರಲ್ಲೇ, ಯಾಕೆ?" ಎಂದಳು.

"ಮುಂದೆ ಅಡ್ಡಗೋಡೆ ಕಟ್ತಾರೆ ಕಣೇ. ಕಕ್ಕಸಿನಾಗೂ ತಪ್ಪು ಹುಡುಕ್ತೀಯಲ್ಲ!" ಎಂದು ಗದರಿದೆ.

ಆಮೇಲೆ ಒಂದು ದಿನ ಗಾಡಿಯಲ್ಲಿ ಕಬ್ಬಿಣದ ಶಟರುಗಳು ಬಂದವು. ಶಟರು ಹಾಕಿದ ಕಕ್ಕಸನ್ನು ನಾನಂತೂ ಕಂಡಿರಲಿಲ್ಲ. ಮೆಣಸಿನಕಾಯಿ ಬಾಣಲೆಯಲ್ಲೇ ಬಿಟ್ಟು ಬೆನಕಪ್ಪನ ಹತ್ತಿರ ಓಡಿದೆ. ಈಗ ಅವನ ಕೈಯಲ್ಲಿ ಗ್ರೀಸಿರಲಿಲ್ಲ, ವಾಚಿತ್ತು.

"ಮೊದ್ಲು ಮಳಿಗೆ ಆಗ್ಲಿ ಅಕ್ಕ. ಹಿಂದ್ಗಡೆ ಜಾಗ ಐತಲ್ಲ, ಕಕ್ಕಸು ಅಲ್ಲಿ ಕಟ್ಟಿಸಾನ."

"ಹಿಂದೆ ಇರೋದು ಮೊಳದಗಲದ ಚರಂಡಿ ಕಣಪ್ಪಾ. ಅನ್ನ ಮುಟ್ಟಿ ಆಣೆ ಇಟ್ಟಿದ್ಯಲ್ಲೋ!"

"ಇಲ್ಲ ಅಂದ್ನೇನು? ನಿನ್ನ ಮರೆಯಲ್ಲ ಅಕ್ಕ, ನೋಡ್ತಿರು" ಎಂದು ನಕ್ಕ. ಅದು ಬೆದರಿಕೆ ಎಂದು ನನಗೆ ಹೊಳೆಯಲೇ ಇಲ್ಲ. ಕಕ್ಕಸು ಹಿಂದೆ ಬರುತ್ತದಂತೆ ಎಂದು ಮರುದಿನ ಹೆಂಗಸರಿಗೆ ಹೇಳಿಯೂಬಿಟ್ಟೆ.

ಮಳಿಗೆಯ ಉದ್ಘಾಟನೆಗೆ ಶಾಮಿಯಾನ ಹಾಕಿ ಮೈಕು ಕಟ್ಟಿದರು. ಓಣಿಯ ಹೆಂಗಸರೆಲ್ಲ ಒಂದು ಕಡೆ ನಿಂತಿದ್ದೆವು. ಭೀಮಕ್ಕ ನನ್ನ ಹೆಗಲು ಹಿಡಿದುಕೊಂಡಿದ್ದಳು. ಬೆನಕಪ್ಪ ಮೈಕಿನ ಮುಂದೆ ಬಂದ. "ಮೊದಲನೇ ಮಳಿಗೆ ಯಾರಿಗೆ ಅಂತ ಎಲ್ರೂ ಕೇಳಿದ್ರಿ. ಈ ವಾರ್ಡಿನ ಹೆಣ್ಮಕ್ಕಳ ಓಟೆಲ್ಲ ಮೂಟೆ ಕಟ್ಟಿ ನನ್ನ ಕೈಗೆ ಕೊಟ್ಟೋರು ನಮ್ಮ ಕಲ್ಲಮ್ಮಕ್ಕ. ಅವ್ರ ಋಣ ನಾನು ಇಟ್ಕೊಳ್ಳಲ್ಲ. ಅವ್ರು ಕೇಳಿದ್ದು ಕೊಟ್ಟೀನಿ!"

ಜನ ಚಪ್ಪಾಳೆ ತಟ್ಟಿದರು. ನನ್ನ ಹೆಗಲ ಮೇಲಿನ ಕೈ ಸರಿಯಿತು.

"ನಾನು ಕೇಳಿದ್ದು ಇದಲ್ಲ! ನಂಗೆ ಬ್ಯಾಡ ನಿನ್ನ ಮಳಿಗೆ" ಎಂದು ಕೂಗಿದೆ. ಮೈಕು ಇದ್ದದ್ದು ಅವನ ಕೈಯಲ್ಲಿ. "ಅಕ್ಕಗೆ ನಾಚಿಕೆ" ಎಂದ. ಜನ ನಕ್ಕರು. ಅಷ್ಟರಲ್ಲಿ ಯಾರೋ ವೇದಿಕೆ ಹತ್ತಿ, ಹೂ ಸುತ್ತಿದ ಬೀಗದ ಕೈಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ನನ್ನ ಗಂಡ ಬಸವರಾಜಪ್ಪ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ. ಬೆಳಗ್ಗೆ ಅದನ್ನು ಇಸ್ತ್ರಿಗೆ ಕೊಟ್ಟು ಬಂದವಳು ನಾನೇ. ಯಾವುದೋ ಮದುವೆಗೆ ಎಂದಿದ್ದ.

ಮನೆಗೆ ಬಂದು ಜಗಳ ತೆಗೆದೆ. "ತಿಂಗಳ ಹಿಂದೆನೇ ಮಾತಾಗಿತ್ತು. ನಿಂಗೆ ಹೇಳಿದ್ರೆ ಕೆಡಸ್ತಿದ್ದಿ. ತಗಡಿನ ಕೆಳಗೆ ಎಷ್ಟು ದಿನ ಹೊಗೆ ಕುಡಿತೀಯ?" ಎಂದ. ಅವನ ಮುಖದಲ್ಲಿ ನನಗೆ ಉಪಕಾರ ಮಾಡಿದ ಸಂತೋಷವಿತ್ತು. ಆಗ ನನಗೆ ಬೆನಕಪ್ಪನ ಲೆಕ್ಕಾಚಾರ ಪೂರ್ತಿ ತಿಳಿಯಿತು. ಕಕ್ಕಸು ಎಲ್ಲಿ ಎಂದು ಇನ್ನು ಯಾರೂ ಅವನನ್ನು ಕೇಳುವುದಿಲ್ಲ. ನನ್ನನ್ನು ಕೇಳುತ್ತಾರೆ. ಕೇಳಿದ್ದರಾದರೂ ಎಷ್ಟೋ ಚೆನ್ನಾಗಿತ್ತು.

ಮರುದಿನ ಜಾವಕ್ಕೇ ಎದ್ದು, ಚೊಂಬಿಗೆ ನೀರು ತುಂಬಿಕೊಂಡು ಬಾಗಿಲ ಹಿಂದೆ ನಿಂತೆ. "ಗಾದ್ರೀ, ಏಳೇ" ಎಂದು ಭೀಮಕ್ಕನ ದನಿ ಕೇಳಿಸಿತು. ಮುಂದಿನದು ನಮ್ಮ ಮನೆ. ಹೆಜ್ಜೆ ಸಪ್ಪಳ ನಮ್ಮ ಬಾಗಿಲಿಗೆ ಬಂತು, ದಾಟಿ ಹೋಯಿತು. ಆಚೆ ಮನೆಯ ಬಾಗಿಲಲ್ಲಿ ಮತ್ತೆ ಕೂಗು ಕೇಳಿಸಿತು.

ನಾನೇ ಬಾಗಿಲು ತೆಗೆದು ಹಿಂದೆ ಹಿಂದೆ ಹೋದೆ. ಯಾರೂ ತಿರುಗಿ ನೋಡಲಿಲ್ಲ, ಯಾರೂ ಬೈಯಲಿಲ್ಲ. ಬೈದಿದ್ದರೆ ಕಾಲಿಗೆ ಬಿದ್ದಾದರೂ ಹೇಳುತ್ತಿದ್ದೆ. ಏರಿಯ ಹಿಂದೆ ಒಂದಿಷ್ಟು ದೂರ ಒಬ್ಬಳೇ ಕೂತೆ. ಅಷ್ಟರಲ್ಲಿ ತಿರುವಿನಲ್ಲಿ ಲಾರಿ ಬಂತು, ಲೈಟು ಬಿತ್ತು. ಎಲ್ಲರೂ ಎದ್ದು ನಿಂತರು. ಭೀಮಕ್ಕ ನೆಲಕ್ಕೆ ಕೈ ಊರಿ ಏಳಲು ನೋಡಿದಳು, ಆಗಲಿಲ್ಲ. ನಾನು ಓಡಿ ಹೋಗಿ ಕೈ ಚಾಚಿದೆ.

ಆ ಬೆಳಕಿನಲ್ಲಿ ಅವಳು ನನ್ನ ಕೈಯನ್ನು ನೋಡಿದಳು, ನನ್ನನ್ನೂ ನೋಡಿದಳು. "ಬ್ಯಾಡಮ್ಮ, ನಿನ್ನ ಅಂಗಡಿಗೆ ಹೊತ್ತಾತು, ಹೋಗು" ಎಂದಳು. ಆಮೇಲೆ ಸೆರಗನ್ನು ಮುಖದ ಮೇಲೆಳೆದುಕೊಂಡು, ಲಾರಿ ದಾಟಿ ಹೋಗುವವರೆಗೂ ಬೆಳಕಿನಲ್ಲೇ ಕೂತಿದ್ದಳು.