ಗೂಳೂರಿನಲ್ಲಿ ಮುಗಿದ ಮಂಗಳ

ಗುಬ್ಬಿಯಿಂದ ತುಮಕೂರಿಗೆ ಓಡಲು ಹೊರಟರೆ ಕರಿಸಿದ್ದಪ್ಪನ ಕಾಲು ಸೋಲುತ್ತಿರಲಿಲ್ಲ, ಸೋಲುತ್ತಿದ್ದುದು ಮನಸ್ಸು. ಮಲ್ಲಸಂದ್ರ ಬರುವ ಹೊತ್ತಿಗೆ ಒಳಗೊಬ್ಬ ವಕೀಲ ಎದ್ದು ನಿಲ್ಲುತ್ತಿದ್ದ. ಓಡು ಅಂದವರು ಯಾರು, ಓಡಿದರೆ ಸಿಗುವುದೇನು ಎಂದು ಅವನು ವಾದ ಹೂಡಿದರೆ ಇವನಲ್ಲಿ ಜವಾಬಿರುತ್ತಿರಲಿಲ್ಲ. ಹುಣಸೆಮರದ ಕೆಳಗೆ ಕೂರುತ್ತಿದ್ದ. ಬೆವರಾರಿದ ಮೇಲೆ ಯಾರದೋ ಎತ್ತಿನ ಗಾಡಿಯ ಹಿಂದೆ ಕಾಲು ಇಳಿಬಿಟ್ಟುಕೊಂಡು ಊರಿಗೆ ವಾಪಸು.

"ಬಸ್ಸೈತೆ, ರೈಲೈತೆ, ಅದ್ಯಾವ್ದೂ ಬ್ಯಾಡ ಈ ಮಗನಿಗೆ," ಎಂದು ತಾಯಿ ಕರಿಬಸಮ್ಮ ನೆರೆಯವರಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. "ಓಡ್ಕೊಂಡ್ ಹೋಗ್ತಾನೆ, ಗಾಡೀಲಿ ಬರ್ತಾನೆ. ಹೋಗೋವಾಗ್ಲೇ ಗಾಡಿ ಹತ್ಬಾರ್ದೇನ್ಲಾ?"

ಇಷ್ಟಾದರೂ ಮಾರನೆಯ ಮುಂಜಾನೆ ಅವನು ಮತ್ತೆ ಹೊರಡುತ್ತಿದ್ದ. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊಲಿಯುವ ಕೆಲಸ ಅವನದು. ದಿನವೆಲ್ಲ ಬಗ್ಗಿಕೊಂಡಿರುವ ಬೆನ್ನಿಗೆ ರಸ್ತೆ ಕಂಡರೆ ಆಸೆ.

ಅವನನ್ನು ಹದಕ್ಕೆ ತಂದದ್ದು ಚಿಕ್ಕಪ್ಪ ಮಹಾಲಿಂಗಯ್ಯ. ಶ್ರಾವಣದಲ್ಲಿ ಮಠದ ಪಡಸಾಲೆಯಲ್ಲಿ ಕೂತು ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದವರು ಅವರು. ಕೇಳುವವರಲ್ಲಿ ತೂಕಡಿಸದವನು ಈ ಕರಿಸಿದ್ದಪ್ಪನೊಬ್ಬನೇ ಎಂಬುದನ್ನು ಅವರು ಮೊದಲಿಂದಲೂ ಗಮನಿಸಿದ್ದರು.

"ಅಲ್ಲೋ, ಪುರಾಣಕ್ಕೆ ಕೂತ್ರೆ ಕಾಲು ಮಡಚಿದ್ದು ಮಡಚಿದಂಗೆ ಇರ್ತೀಯಲ್ಲ. ರಸ್ತೇಲಿ ಯಾಕೋ ಆಗಲ್ಲ?"

"ಅಲ್ಲಿ ಮುಂದೇನು ಅಂತ ಇರ್ತದೆ ಚಿಕ್ಕಪ್ಪ. ಇಲ್ಲಿ ಮುಂದೇನೈತೆ? ಇನ್ನೊಂದು ಮೈಲಿಕಲ್ಲು."

"ಹಂಗಾದ್ರೆ ಮೈಲಿಕಲ್ಲು ನೋಡ್ಬೇಡ. ಮುಂದಿನ ಸಾಲು ನೋಡ್ಕೊ."

ಅಂದಿನಿಂದ ಪಾಠ ಶುರುವಾಯಿತು. ಪುರಾಣದ ಎರಡು ಸಂಧಿ ಬಾಯಿಪಾಠ. ಸಾಲಿನ ಹೆಜ್ಜೆಗೆ ಕಾಲಿನ ಹೆಜ್ಜೆ, ಮೂರನೆಯ ಉದ್ದ ಸಾಲು ಮುಗಿದಲ್ಲಿ ಉಸಿರು.

ನಡೆವ ಕಾಲಿಗೆ ಮಣ್ಣೆ ಮಂಚವು
ಬಿಡದೆ ಹೋಗುವ ಮನವೆ ದೀಪವು
ಕಡೆಯ ಗೂಡಿಗೆ ಸೇರುವನಕವು ಗುರುವೆ ಬಿಡದಿರು ನೀ

ಹೀಗೆ ಓಡುವವನ ಒಳಗೆ ವಕೀಲನಿಗೆ ಜಾಗವೆಲ್ಲಿ? ಮಲ್ಲಸಂದ್ರ ಹೋಯಿತು, ಹೆಗ್ಗೆರೆ ಹೋಯಿತು. ಕೆಲವೇ ತಿಂಗಳಲ್ಲಿ ಅವನು ತುಮಕೂರು ಮುಟ್ಟಿ ಗುಬ್ಬಿಗೆ ಓಡಿಯೇ ಮರಳುವಂತಾದ. ಮಠದ ಬಾಗಿಲಿಗೆ ಬರುವಾಗ ಸರಿಯಾಗಿ ಕೊನೆಯ ಮಂಗಳದ ಪದ್ಯ ಬರುತ್ತಿತ್ತು. ಚಿಕ್ಕಪ್ಪ ಕೊಬ್ಬರಿ, ಸಕ್ಕರೆ ಹಿಡಿದು ಕಾದಿರುತ್ತಿದ್ದರು. ಅವನು ಮಂಗಳ ಹಾಡಿ, ಕೈಮುಗಿದು, ಜಗುಲಿಯ ಮೇಲೆ ಕೂರುತ್ತಿದ್ದ.

ಒಮ್ಮೆ ಮಳೆಗೆ ಸಿಕ್ಕಿ ಮಂಗಳ ಹಾಡದೆ ಮನೆಗೆ ನುಗ್ಗಿದ್ದಕ್ಕೆ ಮಹಾಲಿಂಗಯ್ಯ ಸಿಟ್ಟಾಗಿದ್ದರು. "ಅರ್ಧಕ್ಕೆ ಬಿಡ್ಬಾರ್ದು ಕಣೋ. ಮಂಗಳ ಆದ್ಮೇಲೆ ಎತ್ತೂಬಾರ್ದು. ಆಮೇಲೆ ಗ್ರಂಥ ಕಟ್ಟಿಟ್ಟಂಗೆ, ನಾಳೆ ತಂಕ ಒಂದಕ್ಷರ ಆಡ್ಬಾರ್ದು." ಓದುವವರ ಮನೆಯಲ್ಲಿ ತಲೆಮಾರುಗಳಿಂದ ಬಂದ ಮಾತು. ಓಡುವವನಿಗೂ ಅದನ್ನೇ ಹೇಳಿಕೊಟ್ಟರು.

ಅರವತ್ತೊಂದರ ಮಾಗಿಯಲ್ಲಿ ಕುಣಿಗಲ್ಲಿನಿಂದ ತುಮಕೂರಿಗೆ ರಸ್ತೆ ಓಟ ಗೊತ್ತಾಯಿತು. ಮೊದಲು ಬಂದ ಒಬ್ಬನನ್ನು ಮಾತ್ರ ರಾಜ್ಯದ ತಂಡದ ಆಯ್ಕೆಗೆ ಬೆಂಗಳೂರಿಗೆ ಕಳಿಸುವುದು. ಮಂಡಿಯ ಸಾಹುಕಾರರು ರಜೆ ಕೊಟ್ಟರು, ಮಾತನ್ನೂ ತೆಗೆದುಕೊಂಡರು. "ಇದೊಂದ್ಸಲ ಕಣಪ್ಪ. ಸೋತು ಬಂದ್ರೆ ಮತ್ತೆ ಓಟದ ಸುದ್ದಿ ಎತ್ಬಾರ್ದು."

ಆ ದಿನ ಕುಣಿಗಲ್ಲಿನ ಕೆರೆಯ ಏರಿಯ ಮೇಲೆ ತಮಟೆ, ಜನ, ಶಿಳ್ಳೆ. ಕರಿಸಿದ್ದಪ್ಪ ಎಂದೂ ಜನರ ಮುಂದೆ ಓಡಿದವನಲ್ಲ. ಪಕ್ಕದಲ್ಲಿ ಹುತ್ರಿದುರ್ಗದ ಕಾಳಯ್ಯ ನಿಂತಿದ್ದ. ಬೆಟ್ಟ ಹತ್ತಿ ಇಳಿದು ಬೆಳೆದ ಗಟ್ಟಿ ಆಳು.

"ಏನ್ಲಾ, ತುಟಿ ಅಲ್ಲಾಡಿಸ್ತಿದ್ದೀಯ? ಹರಕೆ ಗಿರಕೆ ಏನಾರ?"

"ಇಲ್ಲ ಕಣಣ್ಣ, ಪದ್ಯ."

"ಓಹೋ! ಹಂಗಾರೆ ತುಮಕೂರಲ್ಲಿ ಆರತಿ ತಟ್ಟೆ ನಾನೇ ಹಿಡ್ಕೊಂಡ್ ನಿಂತಿರ್ತೀನಿ, ನಿಧಾನಕ್ಕೆ ಬಾ."

ಸುತ್ತಲಿನವರು ನಕ್ಕರು. ಆ ನಗುವಿಗೋ, ತಮಟೆಯ ಬಿರುಸಿಗೋ, ಹೊರಟಾಗಲೇ ಪದ್ಯ ಲಯ ಬಿಟ್ಟು ಓಡತೊಡಗಿತು. ಉಸಿರಿಗೆ ನಿಲ್ಲಬೇಕಾದಲ್ಲಿ ನಿಲ್ಲದೆ ಸಾಲಿನ ಮೇಲೆ ಸಾಲು ಬಿತ್ತು. ಹೆಬ್ಬೂರು ದಾಟುವಾಗ ಮುಂದೆ ಯಾರೂ ಇರಲಿಲ್ಲ. ಕಾಳಯ್ಯ ಹಿಂದೆ ಎಲ್ಲೋ ಧೂಳಿನಲ್ಲಿದ್ದ. ಕಾಲು ಹಗುರ, ಎದೆ ಹಗುರ. ಆದರೆ ಬಾಯಿ ಕಾಲನ್ನು ಬಿಟ್ಟು ಬಹಳ ಮುಂದೆ ಹೋಗಿಬಿಟ್ಟಿತ್ತು. ಗೂಳೂರಿನ ಮನೆಗಳು ಕಾಣುವಾಗ ಅವನಿಗೆ ಗೊತ್ತಾಯಿತು, ಉಳಿದಿರುವುದು ಕೆಲವೇ ಪದ್ಯ.

ತಡೆದು ನೋಡಿದ. ಒಂದೇ ಪದ್ಯವನ್ನು ತಿರುಗಿಸಿ ತಿರುಗಿಸಿ ಹೇಳಿದ. ಕಟ್ಟೆ ಒಡೆದ ನೀರಿಗೆ ಅಡ್ಡ ಕೈಯಿಟ್ಟಂತಾಯಿತು. ಎಷ್ಟೋ ಬೆಳಗು ಒಂದರ ಹಿಂದೆ ಒಂದು ಬಂದು ರೂಢಿಯಾದ ಸಾಲುಗಳು. ಒಂದು ಬಂದರೆ ಮುಂದಿನದು ತಾನೇ ಬರುತ್ತಿತ್ತು. ಊರ ನಡುವೆ ಮಂಗಳವೂ ಬಂತು.

ಮೊದಲಿಂದ ಎತ್ತೋಣವೆಂದು ಬಾಯಿ ತೆರೆದ. ನಾಲಗೆ ಏಳಲಿಲ್ಲ. ಹಾಗೇ ಓಡೋಣವೆಂದು ನಾಲ್ಕು ಮಾರು ಹೋದ. ಖಾಲಿಯಾದ ಜಾಗಕ್ಕೆ ಹಳೆಯ ವಕೀಲ ಬಂದು ನಿಂತಿದ್ದ. ಮುಗಿಯಿತಲ್ಲ, ಇನ್ನೇಕೆ? ಜವಾಬು ಹುಡುಕುವಷ್ಟರಲ್ಲಿ ಕೈಗಳು ತಾವಾಗಿ ಮುಗಿದಿದ್ದವು. ಎದುರಿಗೇ ಅರಳೀಕಟ್ಟೆ. ಕೂತುಬಿಟ್ಟ.

ಕಾಳಯ್ಯ ಏದುತ್ತ ಬಂದವನು ಇವನನ್ನು ಕಂಡು ಗಾಬರಿಯಾದ.

"ಏನಾಯ್ತ್ಲಾ? ಕಾಲು ಉಳುಕ್ತಾ?"

"ಇಲ್ಲಣ್ಣ."

"ಮತ್ತೆ ಎದ್ದೇಳೋ! ತುಮಕೂರು ಇಲ್ಲೇ ಐತೆ."

"ಮುಗೀತು ಕಣಣ್ಣ."

ಕಾಳಯ್ಯ ಒಂದು ಗಳಿಗೆ ತಡೆದು ನೋಡಿದ. ಆಮೇಲೆ ತಲೆ ಕೊಡವಿ ಮುಂದೆ ಹೋದ. ಅವನ ಬೆನ್ನು ತಿರುವಿನಲ್ಲಿ ಮರೆಯಾದ ಮೇಲೆ ಕರಿಸಿದ್ದಪ್ಪನಿಗೆ ತಾನು ಓಟದಲ್ಲಿದ್ದೇನೆಂಬ ಎಚ್ಚರ ಬಂತು. ಎದ್ದು ಓಡಿದ. ಪದ್ಯವಿಲ್ಲದೆ, ಲೆಕ್ಕವಿಲ್ಲದೆ, ಅಳುತ್ತ ಓಡಿದ. ಆದರೆ ಬೇರೆ ಇಬ್ಬರು ಓಟಗಾರರೂ ಅಷ್ಟರಲ್ಲಿ ಅವನನ್ನು ದಾಟಿದ್ದರು.

ತುಮಕೂರಿನ ಮೈದಾನದಲ್ಲಿ ಕಾಳಯ್ಯನ ಕೊರಳಲ್ಲಿ ಹಾರವಿತ್ತು. ಮಹಾಲಿಂಗಯ್ಯ ಹಗ್ಗದ ಆಚೆ ನಿಂತಿದ್ದರು.

"ಎಲ್ಲಿ ನಿಂತೆ?" ಎಂದರು ಮೆಲ್ಲಗೆ.

"ಗೂಳೂರಲ್ಲಿ. ಮಂಗಳ ಬಂದ್ಬಿಡ್ತು ಚಿಕ್ಕಪ್ಪ. ಆದ್ಮೇಲೆ ಎತ್ಬಾರ್ದು ಅಂತ ನೀವೇ ಹೇಳಿದ್ರಲ್ಲ."

ಅವನು ಬೈಗುಳಕ್ಕೆ ಸಿದ್ಧನಾಗಿದ್ದ. ಚಿಕ್ಕಪ್ಪ ಅವನ ಭುಜದ ಮೇಲೆ ಕೈಯಿಟ್ಟರು.

"ಅದು ಪುರಾಣ ಓದೋನಿಗೆ ಕಣಪ್ಪ. ರಸ್ತೆಗೆಲ್ಲೈತೆ ಮಂಗಳ? ಅಷ್ಟೂ ತಿಳೀಲಿಲ್ವಲ್ಲ ನಂಗೆ. ಮುಗಿಸೋದು ಹೇಳ್ಕೊಟ್ಟೆ, ಮುಗಿದ್ಮೇಲೆ ಹೋಗೋದು ಹೇಳ್ಕೊಡ್ಲಿಲ್ಲ."

"ನಾನಾದ್ರೂ ಎದ್ದು ಓಡ್ಬೋದಿತ್ತು. ಉಸಿರಿತ್ತು ಚಿಕ್ಕಪ್ಪ."

ಮಹಾಲಿಂಗಯ್ಯ ಚೀಲದಲ್ಲಿದ್ದ ಎಣ್ಣೆಯ ಸೀಸೆ ಮುಟ್ಟಿ ಕೈ ಹಿಂದೆ ತೆಗೆದರು. ಕಾಲು ಸೋತು ಬಂದಿದ್ದರೆ ತಿಕ್ಕಲು ಎಣ್ಣೆಯಾದರೂ ಇತ್ತು.

ಸಂಜೆ ಗುಬ್ಬಿಯ ರೈಲು ಹತ್ತಿದರು. ಡಬ್ಬಿಯಲ್ಲಿ ಜಾಗವಿತ್ತು. ಚಿಕ್ಕಪ್ಪ ಕಿಟಕಿಯ ಬಳಿ ಕೂತು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅವನು ಬಾಗಿಲಿನ ಕಂಬಿ ಹಿಡಿದು ನಿಂತೇ ಇದ್ದ. ಹಣ್ಣಿನ ಬುಟ್ಟಿಯ ಮುದುಕಿಯೊಬ್ಬಳು ಅವನ ಧೂಳುಗಾಲು ನೋಡಿ ಮರುಗಿದಳು.

"ಎಷ್ಟು ದೂರ ನಡ್ದು ಬಂದ್ಯೋ ಏನೋ. ಕೂತ್ಕೊಳಪ್ಪ ಒಸಿ."

"ಬ್ಯಾಡ ಕಣಜ್ಜಿ," ಎಂದ ಕರಿಸಿದ್ದಪ್ಪ. "ಇವತ್ತು ಕೂತಿದ್ದು ಸಾಕು."