ಇನ್ನೂರ ಹನ್ನೆರಡು ಜನರ ಪೆಟ್ಟಿಗೆ

ಕೋಣೆ ಬಾಡಿಗೆಗೆ ಕೇಳಲು ಬಂದ ದಿನ ಅವನು ಮೊದಲು ಗೋಡೆಯ ಮೇಲೆ ಅಂಗೈಯಿಟ್ಟು ಅದರ ಅದುರನ್ನು ನೋಡಿದ. ಆಮೇಲೆ, "ಹತ್ತಿರದಲ್ಲಿ ಹಿಟ್ಟಿನ ಗಿರಣಿ ಇದೆಯಾ ಅಮ್ಮಾ?" ಎಂದ. ಎರಡು ಮನೆಯಾಚೆ ಇತ್ತು. ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಗೆ ಯಂತ್ರ. ಮಾತು ಕೇಳಲು ಬಲಗಡೆಯನ್ನೇ ಕೊಟ್ಟೂ ಕೊಟ್ಟೂ, ಬೀದಿಯಲ್ಲಿ ಸಹ ಬಲಭುಜ ಮುಂದೆ ಮಾಡಿಕೊಂಡು, ಇಕ್ಕಟ್ಟಾದ ಬಾಗಿಲಲ್ಲಿ ನುಸುಳುವವನಂತೆ ಓರೆಯಾಗಿ ನಡೆಯುತ್ತಿದ್ದ. ಕಿವಿಯ ಯಂತ್ರಗಳ ರಿಪೇರಿಯೇ ಅವನ ಕಸುಬು.

ಅವನ ಸಾಮಾನಿನ ಜೊತೆ ಒಂದು ಕಪ್ಪು ಪೆಟ್ಟಿಗೆ ಬಂತು. ಅದು ಸದಾ ಗುಂಯ್ ಎನ್ನುತ್ತಿತ್ತು. ಅದರಲ್ಲಿ ಇನ್ನೂರ ಹನ್ನೆರಡು ಜನ ಇದ್ದಾರೆ ಎಂದ. ಎಲ್ಲರೂ ಕಿವಿ ಮಂದವಾದವರು, ಊರೂರಿನವರು, ತಮ್ಮ ತಮ್ಮ ಫೋನಿನಿಂದ ಈ ಪೆಟ್ಟಿಗೆಯ ಮೂಲಕ ಬರೆದೇ ಹರಟುವವರು. ಅಕ್ಷರ ಕೂಡಿಸಿ ಓದುವಷ್ಟೇ ನನ್ನ ವಿದ್ಯೆ. ಏನೂ ತಿಳಿಯಲಿಲ್ಲ.

"ಎಲ್ಲರ ಫೋನಲ್ಲಿರೋ ಆ ದೊಡ್ಡ ಕಂಪನಿಯದೇ ತಾನೇ?"

"ಅಲ್ಲಮ್ಮ. ಅಲ್ಲಿ ಒಂದೇ ದೊಡ್ಡ ಕಟ್ಟಡ, ಒಬ್ಬನೇ ಯಜಮಾನ. ಇಲ್ಲಿ ಸಾವಿರಾರು ಸಣ್ಣ ಮನೆಗಳು. ಒಂದರಿಂದ ಇನ್ನೊಂದಕ್ಕೆ ಮಾತು ಹೋಗುತ್ತೆ. ಎಲ್ಲಕ್ಕೂ ಯಜಮಾನ ಅಂತ ಯಾರೂ ಇಲ್ಲ."

"ಮತ್ತೆ ಕಸ ಯಾರು ಗುಡಿಸ್ತಾರೆ?"

ಅವನು, "ಈ ಮನೇದು ನಾನೇ" ಎಂದ.

ಎರಡು ವರ್ಷದ ಮೇಲೆ ಎದೆನೋವೆಂದು ಪರೀಕ್ಷೆಗೆ ಆಸ್ಪತ್ರೆ ಸೇರಿದ. ಖಾಲಿ ಕೋಣೆಯಲ್ಲಿ ಯಾಕೆ ಉರಿಯಬೇಕೆಂದು ನಾನು ಪೆಟ್ಟಿಗೆಯ ಸ್ವಿಚ್ಚು ಆರಿಸಿದೆ. ಫೋನಿನಲ್ಲಿ ಅವನಿಗೆ ಮಾತು ಕೇಳಿಸದು. ಸ್ವಿಚ್ಚು ಹಾಕಿ ಎಂದು ಬರೆದು ಕಳಿಸಿದನಂತೆ, ಎಂಟು ಸಲ. ನನ್ನ ಫೋನಿಗೆ ಬರುವ ಅಕ್ಷರವೆಲ್ಲ ಜಾಹೀರಾತೆಂದು ನಾನು ತೆರೆಯಲೇ ಇಲ್ಲ. ಮೂರನೆಯ ದಿನ ಬಂದು ಪೆಟ್ಟಿಗೆ ಮುಟ್ಟಿದ. ತಣ್ಣಗಿತ್ತು. ಅಷ್ಟರಲ್ಲಿ ಐವತ್ತೊಂಬತ್ತು ಜನ ದೊಡ್ಡ ಕಟ್ಟಡಕ್ಕೆ ಹೊರಟುಹೋಗಿದ್ದರು.

"ಬೈದುಬಿಡಪ್ಪ" ಎಂದೆ.

"ನಿಮ್ಮನ್ನ ಯಾಕೆ ಬೈಲಿ? ಒಂದು ಸ್ವಿಚ್ಚಿಗೆ ಎಲ್ಲರ ಬಾಯೂ ಮುಚ್ಚಿಹೋಗೋ ಹಾಗೆ ಕಟ್ಟಿದವನು ನಾನು."

ಆಪರೇಷನ್ ಆಗಬೇಕೆಂದರು. ಉಳಿದವರಲ್ಲಿ ಯಾರಾದರೂ ಪೆಟ್ಟಿಗೆ ವಹಿಸಿಕೊಳ್ಳುತ್ತೀರಾ ಎಂದು ಬರೆದು ಕೇಳಿದ. ಎಲ್ಲರೂ ಹೂವಿನ ಚಿತ್ರ ಕಳಿಸಿದರು.

"ಇಂಥ ಮನೆಗಳು ಬಾಳ್ತವಾ?" ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ದಿನಾ ಒಂದಷ್ಟು ಮುಚ್ಚುತ್ತೆ, ಒಂದಷ್ಟು ಹುಟ್ಟುತ್ತೆ. ಬೀದಿ ಇರುತ್ತೆ ಅನ್ಸುತ್ತೆ. ನಮ್ಮನೆ ಮಾತ್ರ ಹೇಳೋಕಾಗಲ್ಲ."

ಬೀದಿ ಉಳಿದು ಮನೆಗಳು ಹೋಗುವುದು ಎಂಥ ಉಳಿಯುವಿಕೆಯೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಪರೇಷನ್ ಮೇಜಿನಿಂದ ಅವನು ಏಳಲಿಲ್ಲ. ಇಂದಿಗೆ ಇಪ್ಪತ್ತಾರು ದಿನ. ಪೆಟ್ಟಿಗೆ ಉರಿಯುತ್ತಿದೆ, ತೊಂಬತ್ತು ಜನ ಇನ್ನೂ ಒಳಗಿದ್ದಾರೆ, ಬೇರೆ ಮನೆ ಹುಡುಕಿಕೊಳ್ಳಿ ಎಂದು ದಿನಾ ಅವನ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಯಾರಿಗೂ ಯಜಮಾನನಿರಬಾರದೆಂದು ಹೊರಡುವ ಇಂಥವರು ಕೊನೆಗೆ ಎಲ್ಲರ ಆಳಾಗಿಬಿಡುತ್ತಾರೆ. ತಮ್ಮ ಜಾಗಕ್ಕೆ ಬರುವ ಆಳು ಯಾರೆಂದು ಕೇಳಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಇದು ದೊಡ್ಡತನವೋ ದಡ್ಡತನವೋ, ತೂಗಿ ಹೇಳಲು ನನಗೆ ಬರದು.

ಆಪರೇಷನ್ನಿಗೆ ಹೊರಟು ಆಟೋ ಹತ್ತುವ ಮುಂಚೆ ಅವನು ಕೇಳಿದ್ದು ಇಷ್ಟೇ: "ಅಮ್ಮಾ, ನಾನು ಬರದೇ ಹೋದ್ರೆ, ಅವರೆಲ್ಲ ಬೇರೆ ಕಡೆ ಸೇರ್ಕೊಳ್ಳೋಕೆ ಒಂದು ತಿಂಗಳಾದ್ರೂ ಅದನ್ನ ಆರಿಸದೆ ಇಡ್ತೀರಾ?"